ಹನ್ನೊಂದು ಪೆಟ್ಟಿಗೆ, ಈಸ್ಟರಿಗೆ ವಾಪಸು

ಮರ್ಟಿಸಳ ಸಲೂನಿನಲ್ಲಿ ಡ್ರೈಯರಿನ ಟೋಪಿಯೊಳಗೆ ತಲೆಯಿಟ್ಟು ಕೂತಿದ್ದ ಒಜೆಲ್ಲಾ ಪ್ರೂಯಿಟ್, ಮಡಿಲಲ್ಲಿದ್ದ ಪತ್ರಿಕೆಯ ಪುಟ ತಿರುಗಿಸಿದವಳು ಹಾಗೇ ಕಲ್ಲಾದಳು. ಅಲ್ಲಿ ಅವಳದೇ ಮುಖ ಇತ್ತು. ಮೂವತ್ತು ವರ್ಷದ ಹಿಂದಿನ ಮುಖ, ಕೈಯಲ್ಲಿ ತೆರೆದ ಪುಸ್ತಕ, ಕಿವಿಯ ಹಿಂದೆ ಪೆನ್ಸಿಲು. ಪಕ್ಕದಲ್ಲಿ, ಚಿತ್ರದ ನಟ್ಟನಡುವೆ, ಬಾಯಲ್ಲಿ ಪೈಪು ಕಚ್ಚಿಕೊಂಡ ಒಬ್ಬ ಬಿಳಿಯ.

1998ರ ಫೆಬ್ರುವರಿ. ಅದು ಕಪ್ಪುಜನರ ಚರಿತ್ರೆಯ ತಿಂಗಳು; ಫೆಬ್ರುವರಿ ಬಂತೆಂದರೆ ಡೇಟನ್ನಿನ ಪತ್ರಿಕೆಗಳಿಗೆ ನಮ್ಮ ಜನರ ಚರಿತ್ರೆ ನೆನಪಾಗುತ್ತದೆ, ಮಾರ್ಚ್ ಒಂದಕ್ಕೆ ಮರೆತೂ ಹೋಗುತ್ತದೆ. ಚಿತ್ರದ ಕೆಳಗೆ ಹೀಗೆ ಬರೆದಿತ್ತು: ‘ಡೇಟನ್ನಿನ ಕಪ್ಪುಜನರ ರಂಗಭೂಮಿಗೆ ದಾರಿ ತೋರಿದ ಪ್ರೊಫೆಸರ್ ಆಲ್ಡೆನ್ ಮರ್ಕ್ಲಿ, ಹೆಸರು ತಿಳಿಯದ ಸಹಾಯಕಿಯೊಂದಿಗೆ, 1969.’ ಅದರ ಕೆಳಗೆ ಸುದ್ದಿ. ದಿವಂಗತ ಪ್ರೊಫೆಸರರ ಪತ್ನಿ ಥಾರ್ನ್‌ಬಿ ಕಾಲೇಜಿಗೆ ಅವರ ಅಮೂಲ್ಯ ಕಾಗದಪತ್ರಗಳನ್ನು ದಾನ ಮಾಡಿದ್ದಾರೆ, ‘ಮರ್ಕ್ಲಿ ಸಂಗ್ರಹ’ ಈಗ ಸಾರ್ವಜನಿಕರಿಗೆ ತೆರೆದಿದೆ.

ಒಜೆಲ್ಲಾ ಡ್ರೈಯರಿನ ಟೋಪಿ ಮೇಲಕ್ಕೆ ತಳ್ಳಿ ಎದ್ದಳು. ತಲೆಯ ತುಂಬ ರೋಲರುಗಳು.

“ಅಯ್ಯೋ ಮಿಸ್ ಒಜೆಲ್ಲಾ, ಇನ್ನೂ ಒಣಗಿಲ್ಲ! ಶಾಖ ಜಾಸ್ತಿ ಆಯ್ತಾ?” ಅಂತ ಮರ್ಟಿಸ್ ಬಾಚಣಿಗೆ ಹಿಡಿದುಕೊಂಡೇ ಓಡಿ ಬಂದಳು. ಹಿರಿಯ ಹೆಂಗಸರಿಗೆ, ಮದುವೆಯಾಗಿದ್ದರೂ, ‘ಮಿಸ್’ ಅನ್ನುವುದು ನಮ್ಮಲ್ಲಿ ರೂಢಿ.

“ಶಾಖ ಡ್ರೈಯರಿಂದಲ್ಲ ಕಣೇ. ನೋಡಿಲ್ಲಿ. ನಾನಂತೆ, ಸಹಾಯಕಿಯಂತೆ. ಹೆಸರು ತಿಳಿಯದಂತೆ. ಇವನೇನೋ ನಮಗೆ ದಾರಿ ತೋರಿಸಿದನಂತೆ! ನಮ್ಮ ಥಿಯೇಟರಿಗೆ ಬರೋ ದಾರೀನ ಇವನು ಮೂರು ಸಲ ತಪ್ಪಿಸಿಕೊಂಡಿದ್ದ. ಮೂರು ಸಲಾನೂ ಬಸ್ ಸ್ಟಾಪಿಗೆ ಹೋಗಿ ಕರ್ಕೊಂಡು ಬಂದೋಳು ನಾನು.”

ಮರ್ಟಿಸ್ ಪತ್ರಿಕೆ ಓದಿದಳು. ಓದಿ, ಮೆಲ್ಲಗೆ ಕೇಳಿದಳು: “ಅಂದ್ರೆ ಇವು ಆ ಪೆಟ್ಟಿಗೆಗಳೇ ಅಲ್ವಾ? ಅದೇ, ನೀವು… ನೀವು ಕೊಟ್ಟಿದ್ದು?”

ಸಲೂನಿನಲ್ಲಿ ಕೂತಿದ್ದ ಇನ್ನಿಬ್ಬರು ಹೆಂಗಸರು ತಮ್ಮ ಉಗುರು ನೋಡಿಕೊಳ್ಳತೊಡಗಿದರು. ಒಜೆಲ್ಲಾ ಮರ್ಟಿಸಳನ್ನು ಒಂದು ಗಳಿಗೆ ದಿಟ್ಟಿಸಿದಳು. ಇಪ್ಪತ್ನಾಲ್ಕು ವರ್ಷದಿಂದ ಈ ಮಾತು ಅವಳ ಬೆನ್ನಿಗೆ ಅಂಟಿಕೊಂಡಿತ್ತು. ಚರ್ಚಿನ ಮೆಟ್ಟಿಲ ಮೇಲೆ, ಮದುವೆ ಊಟದ ಸಾಲಿನಲ್ಲಿ, ಸಾವಿನ ಮನೆಯಲ್ಲಿ. ನಮ್ಮ ನಾಟಕ ಮಂಡಳಿಯ ಚರಿತ್ರೆಯನ್ನು ಎತ್ತಿ ಬಿಳಿಯನ ಕೈಗೆ ಕೊಟ್ಟವಳು ಒಜೆಲ್ಲಾ.

“ಈ ರೋಲರು ತೆಗಿ,” ಅಂದಳು. “ನನಗೆ ಹೋಗೋದಿದೆ.”

ಒಜೆಲ್ಲಾ ಅಲಬಾಮಾದಲ್ಲಿ ಹುಟ್ಟಿ, ಯುದ್ಧದ ಕಾಲದಲ್ಲಿ ಹದಿನೆಂಟನೇ ವಯಸ್ಸಿಗೆ ಡೇಟನ್ನಿಗೆ ಬಂದವಳು. ಮೂವತ್ತಾರು ವರ್ಷ ಆಸ್ಪತ್ರೆಯ ಲಾಂಡ್ರಿಯಲ್ಲಿ ಚಾದರಗಳನ್ನು ಇಸ್ತ್ರಿ ಯಂತ್ರದ ಬಾಯಿಗೆ ಕೊಟ್ಟವಳು. ಆದರೆ ಯಾರಾದರೂ ‘ನೀವೇನು ಕೆಲಸ ಮಾಡ್ತಿದ್ರಿ’ ಅಂತ ಕೇಳಿದರೆ ‘ಪ್ರಾಂಪ್ಟರ್ ಆಗಿದ್ದೆ’ ಅನ್ನುತ್ತಿದ್ದಳು. ಲಾಂಡ್ರಿಯ ಹೆಸರು ಎತ್ತುತ್ತಿರಲಿಲ್ಲ.

ಸೈಕಮೋರ್ ಬೀದಿ ನಾಟಕ ಮಂಡಳಿ ಶುರುವಾದದ್ದು 1947ರಲ್ಲಿ. ಅಂಚೆ ಇಲಾಖೆಯಲ್ಲಿ ಕಾಗದ ವಿಂಗಡಿಸುತ್ತಿದ್ದ ಹೋಸಿಯಾ ಟಿಬ್ಸ್ ಎಂಬಾತ ನದಿಯ ಪಶ್ಚಿಮ ದಂಡೆಯಲ್ಲಿ, ಕಲ್ಲಿದ್ದಲು ವ್ಯಾಪಾರಿಯೊಬ್ಬ ಬಿಟ್ಟುಹೋದ ಶೆಡ್ಡಿನಲ್ಲಿ ಅದನ್ನು ಕಟ್ಟಿದ. ಆಗ ನದಿಯಾಚೆಯ ದೊಡ್ಡ ಥಿಯೇಟರಿನಲ್ಲಿ ನಮ್ಮವರು ಹಿಂಬಾಗಿಲಿಂದ ಹೋಗಿ ಮೇಲಿನ ಅಟ್ಟದಲ್ಲಿ ಕೂರಬೇಕಿತ್ತು. ‘ಹಾಗಾದ್ರೆ ನಮಗೆ ನಮ್ಮದೇ ಮುಂಬಾಗಿಲು ಬೇಕು’ ಅಂದನಂತೆ ಟಿಬ್ಸ್. ಫ್ರಿಜ್ ಕಾರ್ಖಾನೆಯ ಕೆಲಸಗಾರರು, ಅಡುಗೆಯವರು, ಶಾಲೆ ಮೇಷ್ಟ್ರು, ಒಬ್ಬ ದಂತವೈದ್ಯ, ಎಲ್ಲರೂ ಬಣ್ಣ ಹಚ್ಚಿದರು. ಶೆಡ್ಡಿನ ಗೋಡೆ ಎಷ್ಟು ತೊಳೆದರೂ ಇದ್ದಲಿನ ಪುಡಿ ಉದುರುತ್ತಿತ್ತು. ಬಿಳಿ ಉಡುಪಿನ ಪಾತ್ರಗಳು ಎರಡನೇ ಅಂಕದ ಹೊತ್ತಿಗೆ ಬೂದುಬಣ್ಣವಾಗುತ್ತಿದ್ದವು. ಜನ ನಗುತ್ತಿದ್ದರು, ಮತ್ತೆ ಮರುವಾರ ಬರುತ್ತಿದ್ದರು.

ಮಾತು ಮರೆತವರಿಗೆ ಪಿಸುದನಿಯಲ್ಲಿ ಎತ್ತಿಕೊಡಲು, ರಂಗದ ಪಕ್ಕದ ಸೈಡ್ ವಿಂಗಿನ ಕತ್ತಲಲ್ಲಿ ಸಣ್ಣ ದೀಪವಿಟ್ಟುಕೊಂಡು ಒಜೆಲ್ಲಾ ಕೂರುತ್ತಿದ್ದಳು. ಯಾರು ಎಲ್ಲಿ ಮಾತು ಮರೆಯುತ್ತಾರೆ ಅನ್ನುವುದು ಅವರಿಗಿಂತ ಮುಂಚೆ ಅವಳಿಗೆ ಗೊತ್ತಾಗುತ್ತಿತ್ತು. ಲೂಟಿ ಮೇ ಗ್ರೇಂಜರ್ ರಂಗದ ಮೇಲೆ ನೀರು ಕುಡಿದರೆ ಮುಂದಿನ ಸಾಲು ಮರೆಯುತ್ತಿದ್ದಳು. ದಂತವೈದ್ಯರು, ತಮ್ಮ ಮಗಳು ಮೊದಲ ಸಾಲಿನ ಕುರ್ಚಿಯಲ್ಲಿ ಕೂತ ದಿನ, ಪೂರಾ ಒಂದು ಪುಟ ಹಾರಿಸಿಬಿಡುತ್ತಿದ್ದರು. ಒಜೆಲ್ಲಾ ಇದನ್ನೆಲ್ಲ ಹಸಿರು ಪೆನ್ಸಿಲಿನಲ್ಲಿ ಪ್ರಾಂಪ್ಟ್ ಪುಸ್ತಕದ ಅಂಚಿಗೆ ಬರೆದಿಡುತ್ತಿದ್ದಳು. ಅಷ್ಟೇ ಅಲ್ಲ. ನಾಟಕದ ಹಸ್ತಪತ್ರ, ಫೋಟೋ, ಉಡುಪಿನ ಅಳತೆ, ಸಭೆಯ ನಡಾವಳಿ, ಊರಿಂದೂರಿಗೆ ಹೋದಾಗ ಯಾವ ಹೋಟೆಲಿನವನು ರೂಮು ಕೊಡಲಿಲ್ಲ ಅನ್ನುವುದರ ಪಟ್ಟಿ, ಎಲ್ಲವನ್ನೂ ಪೆಟ್ಟಿಗೆಗೆ ತುಂಬಿ, ವರ್ಷ ಬರೆದು, ಬೀಗ ಹಾಕಿಡುತ್ತಿದ್ದಳು. 1969ರ ಹೊತ್ತಿಗೆ ಹನ್ನೊಂದು ಪೆಟ್ಟಿಗೆ ಆಗಿದ್ದವು.

ಆ ವರ್ಷ ಮರ್ಕ್ಲಿ ಬಂದ. ನಮ್ಮ ಮೇಲೆ ಪುಸ್ತಕ ಬರೆಯುತ್ತೇನೆ ಅಂದ. ಒಂದು ನಾಟಕದ ರಿಹರ್ಸಲಿಗೆ ಬಂದು ಕೂತು ‘ಚೆನ್ನಾಗಿದೆ, ಚೆನ್ನಾಗಿದೆ’ ಅನ್ನುತ್ತಿದ್ದ. ಅಷ್ಟಕ್ಕೇ ಹಸ್ತಪತ್ರದಲ್ಲಿ ‘ಸಲಹೆ’ ಅಂತ ಅವನ ಹೆಸರು ಹಾಕಿದ್ದಾಯಿತು. ಆಮೇಲೆ ಪೆಟ್ಟಿಗೆ ಕೇಳಿದ.

ಮಾರ್ಚ್ ಹನ್ನೊಂದರಂದು ಸಮಿತಿ ಸಭೆ. ಸಮಿತಿಯೆಂದರೆ ಮೂರೇ ಜನ: ಟಿಬ್ಸ್, ಒಜೆಲ್ಲಾ, ಮುದುಕ ಖಜಾಂಚಿ.

“ನೋಡೋದಿದ್ರೆ ಇಲ್ಲೇ ಕೂತು ನೋಡಲಿ,” ಅಂದಳು ಒಜೆಲ್ಲಾ. “ಕುರ್ಚಿ ಕೊಡ್ತೀನಿ, ಕಾಫಿ ಕೊಡ್ತೀನಿ. ಪೆಟ್ಟಿಗೆ ಬಾಗಿಲು ದಾಟಬಾರದು.”

“ಸಿಸ್ಟರ್, ಪುಸ್ತಕ ಬಂದ್ರೆ ನಮ್ಮ ಹೆಸರು ದೇಶಕ್ಕೆಲ್ಲ ಗೊತ್ತಾಗುತ್ತೆ,” ಅಂದ ಟಿಬ್ಸ್. “ಕಾಲೇಜಿನ ಮನುಷ್ಯ. ಈಸ್ಟರಿಗೆ ವಾಪಸ್ ಕೊಡ್ತಾನೆ. ನಿನಗೆ ಎಲ್ಲರ ಮೇಲೂ ಅನುಮಾನ.”

“ಎಲ್ಲರ ಮೇಲಲ್ಲ. ಕೊಟ್ಟಿದ್ದು ವಾಪಸ್ ಬರದೇ ಇದ್ದೋರ ಮೇಲೆ.”

ಟಿಬ್ಸ್ ಅಧ್ಯಕ್ಷ. ಅವಳ ವಿರೋಧವನ್ನು ತಳ್ಳಿಹಾಕಿದ. ಆಗ ಒಜೆಲ್ಲಾ ತನ್ನ ಕೈಲಾದದ್ದನ್ನು ಮಾಡಿದಳು. ನಡೆದದ್ದನ್ನೆಲ್ಲ ನಡಾವಳಿ ಪುಸ್ತಕದಲ್ಲಿ ಬರೆದು, ಅಧ್ಯಕ್ಷರ ಸಹಿ ಹಾಕಿಸಿ, ಮರುದಿನ ಪೆಟ್ಟಿಗೆ ಒಯ್ಯಲು ಬಂದ ಮರ್ಕ್ಲಿಯ ಕೈಯಲ್ಲೂ ಅದರ ಕೆಳಗೆ ಸಹಿ ಹಾಕಿಸಿದಳು. ಮರ್ಕ್ಲಿ ನಗುತ್ತ ಸಹಿ ಹಾಕಿ, ‘ಈ ನಡಾವಳಿ ಪುಸ್ತಕವೂ ಇದ್ದರೆ ಚರಿತ್ರೆ ಪೂರ್ತಿಯಾಗುತ್ತಿತ್ತು’ ಅಂದ. ‘ಕೊಡು ಸಿಸ್ಟರ್’ ಅಂದ ಟಿಬ್ಸ್. ಅದೂ ಹೋಯಿತು. ಬೀಗದ ಕೈ ಇದ್ದದ್ದು ಒಜೆಲ್ಲಾಳ ಬಳಿ. ಪೆಟ್ಟಿಗೆಗಳನ್ನು ಕಾರಿಗೆ ಏರಿಸಿಕೊಟ್ಟದ್ದು ಅವಳ ಕೈಯೇ. ಬೀದಿಯವರು ನೋಡಿದ್ದು ಅಷ್ಟನ್ನೇ.

ಈಸ್ಟರ್ ಬಂತು, ಹೋಯಿತು. ಲಾಂಡ್ರಿಯ ಕಾರಿಡಾರಿನ ಫೋನಿನಿಂದ ಒಜೆಲ್ಲಾ ವಾರಕ್ಕೊಮ್ಮೆ ಫೋನು ಮಾಡಿದಳು. ‘ಇನ್ನೊಂದು ಅಧ್ಯಾಯ ಬಾಕಿಯಿದೆ’ ಅನ್ನುತ್ತಿದ್ದ. ಆಮೇಲೆ ಅವನ ಹೆಂಡತಿ ಫೋನೆತ್ತಿ ‘ಅವರು ಊರಲ್ಲಿಲ್ಲ’ ಅನ್ನತೊಡಗಿದಳು. ಖಜಾಂಚಿ ಮರುವರ್ಷ ತೀರಿಕೊಂಡ. 1972ರಲ್ಲಿ ರಸ್ತೆ ಅಗಲ ಮಾಡಲು ಶೆಡ್ಡನ್ನು ಕೆಡವಿದರು. ಇಪ್ಪತ್ತು ವರ್ಷ ನಡೆದ ಸಂಸ್ಥೆಗಳಿಗೆ ಬದಲಿ ಜಾಗ ಕೊಡುತ್ತೇವೆ ಅಂದರು. ಎರಡು ವರ್ಷ ಅಲೆಸಿ, ಕೊನೆಗೆ ಅಧಿಕಾರಿಯೊಬ್ಬ ಕೇಳಿದ: ಇಪ್ಪತ್ತು ವರ್ಷ ನಾಟಕ ಆಡಿದ್ದಕ್ಕೆ ಕಾಗದ ಎಲ್ಲಿ?

ಕಾಗದ ಎಲ್ಲಿತ್ತು! ನೂರಾ ಹದಿನೇಳು ನಾಟಕ ಆಡಿದ ಮಂಡಳಿಯ ಬಳಿ ತಾನು ಇದ್ದೆ ಅನ್ನುವುದಕ್ಕೆ ಒಂದು ಚೂರು ಕಾಗದವಿರಲಿಲ್ಲ. ‘ಹವ್ಯಾಸಿ ಕ್ಲಬ್ಬು’ ಅಂತ ಬರೆದು ಅರ್ಜಿ ತಿರಸ್ಕರಿಸಿದರು. ಆ ಸಂಜೆ ಚರ್ಚಿನ ಹಾಲಿನಲ್ಲಿ ಜನ ಸೇರಿದರು. ಹಿಂದಿನ ಸಾಲಿನಿಂದ ಯಾರೋ ಕೂಗಿದರು: “ಪೆಟ್ಟಿಗೆ ಕೊಟ್ಟೋರು ಯಾರು? ಬೀಗದ ಕೈ ಯಾರ ಹತ್ರ ಇತ್ತು?”

ಒಜೆಲ್ಲಾ ಟಿಬ್ಸನ ಕಡೆ ನೋಡಿದಳು. ಟಿಬ್ಸ್ ತನ್ನ ಮಡಿಲಲ್ಲಿದ್ದ ಹ್ಯಾಟಿನ ಅಂಚನ್ನು ನೋಡುತ್ತಿದ್ದ. ಅವನ ಎದೆ ಆಗಲೇ ದುರ್ಬಲವಾಗಿತ್ತು, ಮೆಟ್ಟಿಲು ಹತ್ತಿದರೆ ತುಟಿ ನೀಲಿಯಾಗುತ್ತಿತ್ತು. ಊರಿನ ಅಧಿಕಾರಿಗಳು ‘ಮಿಸ್ಟರ್’ ಅಂತ ಕರೆಯುತ್ತಿದ್ದ ನಮ್ಮ ಬೀದಿಯ ಒಬ್ಬನೇ ಮನುಷ್ಯ ಅವನು. ಈಗ ಹೇಳುತ್ತಾನೆ, ಈಗ ಹೇಳುತ್ತಾನೆ ಅಂತ ಒಜೆಲ್ಲಾ ಕಾದಳು. ಅವನು ತಲೆ ಎತ್ತಲಿಲ್ಲ. ಅವಳೂ ಬಾಯಿ ತೆರೆಯಲಿಲ್ಲ. ಮೂರು ವರ್ಷಕ್ಕೆ ಅವನು ಸತ್ತ, ಮಂಡಳಿಯೂ ಸತ್ತಿತು. ಅವನ ಶವಸಂಸ್ಕಾರದಲ್ಲಿ, ಮಗಳು ವರ್ನಿಟಾ ಎಲ್ಲರನ್ನೂ ಅಪ್ಪಿಕೊಂಡಳು, ಒಜೆಲ್ಲಾಳಿಗೆ ಮಾತ್ರ ಬೆರಳ ತುದಿ ಕೊಟ್ಟಳು.

ಥಾರ್ನ್‌ಬಿ ಕಾಲೇಜು ಊರಿಂದ ಹದಿನೆಂಟು ಮೈಲಿ. ಸೋಮವಾರ ಒಜೆಲ್ಲಾ ಚರ್ಚಿಗೆ ಹಾಕುವ ನೀಲಿ ಕೋಟು, ಹ್ಯಾಟು ಹಾಕಿಕೊಂಡು ಎರಡು ಬಸ್ಸು ಬದಲಿಸಿ ಹೋದಳು. ದಾಖಲೆ ವಿಭಾಗದ ಬಾಗಿಲ ಮೇಲೆ ಹಿತ್ತಾಳೆ ಅಕ್ಷರ: ‘ಆಲ್ಡೆನ್ ಮರ್ಕ್ಲಿ ವಾಚನಾಲಯ’. ಒಳಗೆ ಕೈಚೀಲ ತೆಗೆದು ಕಪಾಟಿನಲ್ಲಿಡಿ ಅಂದರು. ಪೆನ್ನು ಬೇಡ ಅಂದರು. ಬಿಳಿ ಕೈಗವಸು ಕೊಟ್ಟು ಹಾಕಿಕೊಳ್ಳಿ, ಕೈಯ ಜಿಡ್ಡು ತಾಗಬಾರದು ಅಂದರು.

“ಈ ಫೋಟೋಗಳನ್ನ ಅಂಟಿಸಿದ್ದು ಇದೇ ಕೈ,” ಅಂದಳು ಒಜೆಲ್ಲಾ. “ಆವತ್ತು ನನ್ನ ಕೈಯಲ್ಲಿ ಗಂಜಿಯಿತ್ತು, ಸೋಪಿತ್ತು. ಮೂವತ್ತು ವರ್ಷ ಏನೂ ಆಗಿಲ್ಲ ನೋಡಿ.”

ವಿಭಾಗದ ಮುಖ್ಯಸ್ಥೆ ಕಾರಿನ್ ಹಾಲ್ವರ್ಸನ್ ನಲವತ್ತರ ಹೆಂಗಸು, ನಗುಮುಖ. “ಬನ್ನಿ ಒಜೆಲ್ಲಾ, ಕೂತ್ಕೊಳಿ ಒಜೆಲ್ಲಾ,” ಅಂದಳು.

“ಮಿಸೆಸ್ ಪ್ರೂಯಿಟ್ ಅನ್ನಿ.”

ಹಾಲ್ವರ್ಸನ್ ಕೆಂಪಗಾಗಿ, “ಕ್ಷಮಿಸಿ, ಮಿಸೆಸ್ ಪ್ರೂಯಿಟ್,” ಅಂದು ಮೊದಲ ಎರಡು ಕಡತ ತಂದಿಟ್ಟಳು.

ಪ್ರತಿ ಫೋಟೋವನ್ನೂ ತೆಳು ಪ್ಲಾಸ್ಟಿಕ್ಕಿನಲ್ಲಿ ಹಾಕಿ ಚೀಟಿ ಅಂಟಿಸಿದ್ದರು. ‘ಅಪರಿಚಿತ ನಟಿ.’ ‘ಅಪರಿಚಿತ ನಟ, ಬಹುಶಃ ಕಾರ್ಮಿಕ.’ ‘ಅಪರಿಚಿತ ಮಹಿಳೆಯರ ಗುಂಪು.’ ಒಜೆಲ್ಲಾ ಮೊದಲ ಫೋಟೋ ಎತ್ತಿಕೊಂಡಳು.

“ಇವಳು ಲೂಟಿ ಮೇ ಗ್ರೇಂಜರ್,” ಅಂದಳು, ಆ ನಿಶ್ಶಬ್ದ ಕೋಣೆಯಲ್ಲಿ ಎಲ್ಲರಿಗೂ ಕೇಳುವ ಹಾಗೆ. “ಇವಳು ರಾಣಿ ಪಾತ್ರ ಮಾಡಿದ್ರೆ ನಮ್ಮ ಬೀದಿ ನಾಯಿಗಳೂ ತಲೆ ಬಗ್ಗಿಸ್ತಿದ್ವು. ಇದು ಡಾಕ್ಟರ್ ಎವಾಂಡರ್ ಪೂಲ್. ‘ಬಹುಶಃ ಕಾರ್ಮಿಕ’ ಅಂತೆ! ಇವರು ನನ್ನ ಎರಡು ದವಡೆಹಲ್ಲು ಕಿತ್ತಿದ್ದಾರೆ ಕಣಮ್ಮಾ. ಫೋಟೋ ಹಿಂದೆ ತಿರುಗಿಸಿ. ತಿರುಗಿಸಿ ನೋಡಿದ್ರಾ ಒಂದು ಸಲ?”

ಹಾಲ್ವರ್ಸನ್ ತಿರುಗಿಸಿದಳು. ಬೆನ್ನ ಮೇಲೆ ಹಸಿರು ಪೆನ್ಸಿಲಿನಲ್ಲಿ ಹೆಸರು, ಪಾತ್ರ, ತಾರೀಕು. ಮಾಸಿತ್ತು, ಆದರೆ ಇತ್ತು.

“ಪ್ರೊಫೆಸರರ ಪಟ್ಟಿಯನ್ನೇ ನಾವು… ಅವರದೇ ಪಟ್ಟಿಯನ್ನ ಟೈಪ್ ಮಾಡಿಸಿದ್ವಿ,” ಅಂದಳು ಹಾಲ್ವರ್ಸನ್. “ನಿಜಕ್ಕೂ ನಮ್ಮಿಂದ ತಪ್ಪಾಗಿದೆ. ಮಿಸೆಸ್ ಪ್ರೂಯಿಟ್, ನೀವು ವಾರಕ್ಕೊಂದು ದಿನ ಬಂದು ಹೆಸರುಗಳನ್ನ ಗುರುತಿಸಿಕೊಟ್ರೆ ನಮಗೆ ಎಷ್ಟು ಉಪಕಾರ ಆಗುತ್ತೆ! ಸ್ವಯಂಸೇವಕರಿಗೆ ಪ್ರಮಾಣಪತ್ರ ಕೂಡ ಕೊಡ್ತೀವಿ.”

“ಕದ್ದ ಹಸುವಿನ ಮೈ ತೊಳೆಯೋಕೆ ಹಸು ಕಳಕೊಂಡೋಳನ್ನೇ ಕರೀತೀರಾ?”

“ಕದ್ದದ್ದು ಅನ್ನಬೇಡಿ. ಮಿಸೆಸ್ ಮರ್ಕ್ಲಿ ದಾನಪತ್ರಕ್ಕೆ ಸಹಿ ಮಾಡಿದ್ದಾರೆ. ಕಾನೂನಿನ ಪ್ರಕಾರ…”

“1969ರ ನಡಾವಳಿ ಪುಸ್ತಕ ತನ್ನಿ,” ಅಂದಳು ಒಜೆಲ್ಲಾ. “ಕಪ್ಪು ರಟ್ಟು, ಕೆಂಪು ಬೆನ್ನು.”

ಪಟ್ಟಿಯಲ್ಲಿ ಅದು ‘ಬಿಡಿ ಕಾಗದಗಳು, ಇತರೆ’ ಎಂಬ ಹೆಸರಲ್ಲಿತ್ತು. ಅರ್ಧ ಗಂಟೆ ಹುಡುಕಿ ತಂದರು. ಒಜೆಲ್ಲಾ ಪುಟ ತೆರೆದಳು. ‘ಹನ್ನೊಂದು ಪೆಟ್ಟಿಗೆಗಳನ್ನು ಶ್ರೀ ಮರ್ಕ್ಲಿಯವರಿಗೆ ಎರವಲು ಕೊಡುವುದೆಂದು ಅಧ್ಯಕ್ಷರ ಸೂಚನೆ. ಈಸ್ಟರಿಗೆ ವಾಪಸು. ಪ್ರಾಂಪ್ಟರ್ ಒಜೆಲ್ಲಾ ಪ್ರೂಯಿಟ್ ವಿರೋಧ. ವಿರೋಧವನ್ನು ಅಧ್ಯಕ್ಷರು ತಳ್ಳಿಹಾಕಿದರು.’ ಕೆಳಗೆ ಎರಡು ಸಹಿ.

ಹಾಲ್ವರ್ಸನ್ ಎರಡು ಸಲ ಓದಿದಳು. ಅವಳ ನಗು ಎಲ್ಲಿಗೋ ಹೋಗಿತ್ತು.

“ಇದು ನಿಮ್ಮ ಕಪಾಟಿನಲ್ಲೇ ಇತ್ತು,” ಅಂದಳು ಒಜೆಲ್ಲಾ. “ಧೂಳು ಒರೆಸಿದ್ರಿ, ನಂಬರ್ ಹಾಕಿದ್ರಿ, ತಂಪು ಕೋಣೇಲಿ ಇಟ್ರಿ. ಓದಲಿಲ್ಲ.”

ಪುಟದ ನಕಲು ಕೇಳಿದರೆ, ಮರ್ಕ್ಲಿ ಮನೆಯವರ ಒಪ್ಪಿಗೆ ಬೇಕು ಅಂದರು. ಒಜೆಲ್ಲಾ ಅವರದೇ ಪೆನ್ಸಿಲು ತೆಗೆದುಕೊಂಡು ಆ ಪುಟವನ್ನು ಅಕ್ಷರ ಬಿಡದೆ ಬರೆದುಕೊಂಡಳು. ಬರೆದು, ಎರಡನ್ನೂ ಅಕ್ಕಪಕ್ಕ ಇಟ್ಟಳು. ಎಪ್ಪತ್ತನಾಲ್ಕರ ವಯಸ್ಸಿನ ಅಕ್ಷರ ಸ್ವಲ್ಪ ಸೊಟ್ಟಗಾಗಿತ್ತು. ಆದರೂ ಅದೇ ಉದ್ದನೆಯ ‘ಟಿ’, ಅದೇ ಬಾಲ.

“ಯಾರ ಕೈಬರಹ ಅಂತ ಈಗ ಬರ್ಕೊಳ್ಳಿ ನಿಮ್ಮ ಪಟ್ಟೀಲಿ,” ಅಂದಳು.

ಆದರೆ ಮನೆಗೆ ಹೋಗುವ ಬಸ್ಸಿನಲ್ಲಿ ಆ ಕಾಗದ ಅವಳ ಕೈಚೀಲದಲ್ಲಿ ಕೆಂಡದ ಹಾಗಿತ್ತು. ಪೆಟ್ಟಿಗೆ ನಮ್ಮದು ಅಂತ ಸಾಬೀತು ಮಾಡುವ ಸಾಲು ಅದೇ. ಟಿಬ್ಸ್ ಏನು ಮಾಡಿದ ಅಂತ ಹೇಳುವ ಸಾಲೂ ಅದೇ. ಆ ಬೇಸಿಗೆಯಲ್ಲಿ ಊರಿನವರು ಬೀದಿಯೊಂದಕ್ಕೆ ಹೋಸಿಯಾ ಟಿಬ್ಸನ ಹೆಸರಿಡುವುದಿತ್ತು. ಅದಕ್ಕಾಗಿ ಆರು ವರ್ಷ ಓಡಾಡಿದವಳು ಅವನ ಮಗಳು ವರ್ನಿಟಾ, ಹೈಸ್ಕೂಲಿನ ಪ್ರಿನ್ಸಿಪಾಲ್. ಸುಮ್ಮನಿದ್ದುಬಿಡಲೇ ಅನ್ನಿಸಿತು. ಅನ್ನಿಸಿದ್ದಕ್ಕೇ ಅವಳಿಗೆ ತನ್ನ ಮೇಲೆ ಸಿಟ್ಟು ಬಂತು. ಇನ್ನೆಷ್ಟು ಸುಮ್ಮನಿರಬೇಕು ಒಬ್ಬ ಹೆಂಗಸು?

ಇಳಿದವಳು ನೇರ ವರ್ನಿಟಾಳ ಮನೆಗೆ ಹೋದಳು. ಅಡುಗೆಮನೆಯಲ್ಲಿ ಕಾಲರ್ಡ್ ಸೊಪ್ಪು ಬೇಯುತ್ತಿತ್ತು. ವರ್ನಿಟಾ ಕೂತುಕೊಳ್ಳಿ ಅನ್ನಲಿಲ್ಲ. ನಿಂತೇ ಕಾಗದ ಓದಿದಳು.

“ಇದು ನಿಮ್ಮ ಅಕ್ಷರ, ಮಿಸ್ ಒಜೆಲ್ಲಾ.”

“ನಕಲು ನನ್ನದು. ಮೂಲದ ಕೆಳಗೆ ನಿಮ್ಮಪ್ಪನ ಸಹಿ ಇದೆ.”

“ಸತ್ತು ಇಪ್ಪತ್ತೊಂದು ವರ್ಷ ಆದೋರು ಬಂದು ಉತ್ತರ ಕೊಡಲ್ಲ ಅಂತ ತಾನೆ ಈ ಧೈರ್ಯ? ನಮ್ಮಪ್ಪನ ಹೆಸರಿಗೆ ಮಸಿ ಬಳಿದು ನಿಮ್ಮ ಮುಖ ತೊಳ್ಕೋಬೇಕಾ?”

“ಬದುಕಿದ್ದಾಗಲೂ ಕೊಡಲಿಲ್ಲವಲ್ಲ ಉತ್ತರ!” ಒಜೆಲ್ಲಾಳ ದನಿ ಏರಿತು. “ಚರ್ಚಿನ ಹಾಲಿನಲ್ಲಿ ನಾನು ಅವರನ್ನೇ ನೋಡ್ತಾ ಕೂತಿದ್ದೆ. ಒಂದು ಮಾತು ಸಾಕಿತ್ತು. ‘ನಾನು ಕೊಟ್ಟೆ’ ಅಂತ. ಹ್ಯಾಟು ನೋಡ್ತಾ ಕೂತ್ರು. ನಿಮ್ಮಪ್ಪನ ಮರ್ಯಾದೆಗೆ ನಾನು ಇಷ್ಟು ವರ್ಷ ಗೂಟ ಆಗಿ ನಿಂತಿದ್ದೀನಿ ಕಣೇ. ನನ್ನ ಗಂಡ ಸತ್ತಾಗ ಈ ಬೀದೀಲಿ ಎಷ್ಟು ಮನೆಯಿಂದ ಊಟ ಬಂತು ಗೊತ್ತಾ? ಎರಡು. ಎರಡೇ ಎರಡು.”

ವರ್ನಿಟಾ ಬಾಗಿಲು ತೆರೆದು ಹಿಡಿದಳು. “ಬೀದಿಗೆ ಹೆಸರು ಬರೋವರೆಗಾದ್ರೂ ಕಾಯಬಹುದಿತ್ತು ನೀವು.”

“ಹೆಸರಿಡಿ, ಯಾರು ಬೇಡ ಅಂದ್ರು? ಅವರು ಕಟ್ಟಿದ್ದು ಸುಳ್ಳಲ್ಲ. ಆದ್ರೆ ನಾನು ಕಾಯೋದು ಮುಗೀತು.”

ಕಾಲೇಜಿನ ಆಡಳಿತ ಸಮಿತಿ ಏಪ್ರಿಲ್‌ನಲ್ಲಿ ಸೇರಿತು. ಅಷ್ಟು ಹೊತ್ತಿಗೆ ಒಜೆಲ್ಲಾ ಪೆಟ್ಟಿಗೆ ವಾಪಸು ಕೇಳಿ ಹದಿನಾಲ್ಕು ಪತ್ರ ಬರೆದಿದ್ದಳು. ಹಾಲ್ವರ್ಸನ್ ಕೂಡ ಒಂದು ಬರೆದಿದ್ದಳು, ತನ್ನ ಕೆಲಸಕ್ಕೆ ಕುತ್ತು ಬಂದರೂ ಸರಿ ಅಂತ. ಚರ್ಚಿನ ವ್ಯಾನಿನಲ್ಲಿ ಮಂಡಳಿಯ ಹಳಬರು ಏಳು ಜನ ಹೊರಟರು. ಒಬ್ಬರಿಗೆ ಊರುಗೋಲು, ಒಬ್ಬರಿಗೆ ಆಕ್ಸಿಜನ್ ಸಿಲಿಂಡರು. ಲೂಟಿ ಮೇ ಗ್ರೇಂಜರ್ ಎಂಬತ್ತೊಂದನೇ ವಯಸ್ಸಿನಲ್ಲೂ ತುಟಿಗೆ ಕೆಂಪು ಹಚ್ಚಿಕೊಂಡು ಬಂದಿದ್ದಳು. “ಅಪರಿಚಿತಳಾಗಿ ಸಾಯೋಕೆ ನಾನೇನು ರೈಲ್ವೆ ಸ್ಟೇಷನ್ನಲ್ಲಿ ಬಿದ್ದಿದ್ದೀನಾ?” ಅಂತ ದಾರಿಯುದ್ದಕ್ಕೂ ಬೈಯುತ್ತಿದ್ದಳು. ಮರ್ಟಿಸ್ ಸಲೂನಿಗೆ ಬೀಗ ಹಾಕಿ ಬಂದಿದ್ದಳು. ಒಜೆಲ್ಲಾಳ ಪಕ್ಕದಲ್ಲೇ ಕೂತಳು.

ಕಾಲೇಜಿನ ವಕೀಲ ಸಣ್ಣ ದನಿಯಲ್ಲಿ, ಬಹಳ ಸಭ್ಯವಾಗಿ ಮಾತಾಡಿದ. ಕಾಲ ಮೀರಿದೆ. ದಾನಪತ್ರ ಸರಿಯಿದೆ. ಬೇಕಾದರೆ ಸಮುದಾಯಕ್ಕೆ ನಕಲುಗಳನ್ನು ಕೊಡಬಹುದು. ಇನ್ನು ಈ ನಡಾವಳಿ ಪುಟ, ಇದನ್ನು ಬರೆದವರೇ ಇದರಿಂದ ಲಾಭ ಪಡೆಯುವವರು. ಅಧ್ಯಕ್ಷರ ಸಹಿ ಅನ್ನುವುದು ನಿಜಕ್ಕೂ ಅವರದೇ ಎಂದು ಹೇಳುವವರು ಯಾರೂ ಬದುಕಿಲ್ಲ.

“ನಾನಿದ್ದೀನಿ.”

ಎಲ್ಲರೂ ತಿರುಗಿದರು. ಬಾಗಿಲ ಬಳಿ ವರ್ನಿಟಾ ನಿಂತಿದ್ದಳು, ಶಾಲೆಯಿಂದ ನೇರ ಬಂದ ಬಟ್ಟೆಯಲ್ಲಿ. ಮುಂದೆ ಬಂದು ಪುಸ್ತಕ ಕೇಳಿದಳು. ಕೈಗೆ ಏನನ್ನೂ ಹಾಕಿಕೊಳ್ಳದೆ ಪುಟದ ಮೇಲೆ ಬೆರಳಿಟ್ಟಳು. ಬಹಳ ಹೊತ್ತು ನೋಡಿದಳು.

“ನನ್ನ ಶಾಲೆಯ ಅಂಕಪಟ್ಟಿ ಮೇಲೆಲ್ಲ ಈ ಸಹಿ ಇದೆ,” ಅಂದಳು. “ನಮ್ಮಪ್ಪನದೇ.” ಆಮೇಲೆ ಗಟ್ಟಿಯಾಗಿ, ತರಗತಿಗೆ ಪಾಠ ಓದುವ ಹಾಗೆ, ಆ ಪುಟವನ್ನು ಮೊದಲಿಂದ ಕೊನೆಯವರೆಗೆ ಓದಿದಳು. ‘ವಿರೋಧವನ್ನು ಅಧ್ಯಕ್ಷರು ತಳ್ಳಿಹಾಕಿದರು’ ಅನ್ನುವಲ್ಲಿ ಅವಳ ದನಿ ತಡವರಿಸಿತು. ನಿಲ್ಲಲಿಲ್ಲ. ಓದಿ ಮುಗಿಸಿ ವಕೀಲನ ಕಡೆ ತಿರುಗಿದಳು. “ಎರವಲು ಅಂತ ಬರೆದಿದೆ. ನಿಮ್ಮ ಪ್ರೊಫೆಸರರೇ ಸಹಿ ಮಾಡಿದ್ದಾರೆ. ಎರವಲು ಅಂದ್ರೇನು ಅಂತ ಎರಡನೇ ಕ್ಲಾಸಿನ ಮಕ್ಕಳಿಗೂ ಗೊತ್ತು. ನಿಮಗೆ ಬಿಡಿಸಿ ಹೇಳಬೇಕಾ?”

ಹೊರಗೆ ಕಾರಿಡಾರಿನಲ್ಲಿ ಹಳಬರೆಲ್ಲ ವರ್ನಿಟಾಳನ್ನು ಸುತ್ತುವರಿದರು. ಒಜೆಲ್ಲಾ ದೂರ ನಿಂತಿದ್ದಳು. ವರ್ನಿಟಾ ಬಂದು, “ಕ್ಷಮಿಸಿ ಮಿಸ್ ಒಜೆಲ್ಲಾ,” ಅಂದಳು.

“ತಪ್ಪು ಮಾಡಿದ್ದು ನೀನಲ್ಲ ಮಗಾ. ನಿನ್ನ ಕ್ಷಮೆ ತಗೊಂಡು ನಾನೇನು ಮಾಡಲಿ?” ಅಂದಳು ಒಜೆಲ್ಲಾ. ಅದು ಕಟುವಾಗಿತ್ತೆಂದು ಅವಳಿಗೂ ಗೊತ್ತಿತ್ತು. ಆದರೆ ಆ ಕ್ಷಣದಲ್ಲಿ ಬೇರೆ ಮಾತು ಒಳಗಿರಲಿಲ್ಲ. ಆಮೇಲೆ “ಚೆನ್ನಾಗಿ ಓದಿದೆ,” ಅಂತ ಸೇರಿಸಿದಳು.

ಕಾಲೇಜು ಸೋತೆವು ಅನ್ನಲಿಲ್ಲ, ತಪ್ಪಾಯಿತು ಅನ್ನಲಿಲ್ಲ. ಜೂನ್‌ನಲ್ಲಿ ಒಂದು ಪತ್ರಿಕಾ ಪ್ರಕಟಣೆ ಹೊರಡಿಸಿತು. ಥಾರ್ನ್‌ಬಿ ಕಾಲೇಜು ಸೌಹಾರ್ದದ ಸಂಕೇತವಾಗಿ ಮಂಡಳಿಯ ದಾಖಲೆಗಳನ್ನು ಪಶ್ಚಿಮ ದಂಡೆಯ ಶಾಖಾ ಗ್ರಂಥಾಲಯಕ್ಕೆ ಕೊಡುಗೆಯಾಗಿ ನೀಡುತ್ತಿದೆ, ಅಂತ. ಕಾಲೇಜಿನ ವ್ಯಾನು ಗ್ರಂಥಾಲಯದ ಮುಂದೆ ನಿಂತಿತು. ಸಹಿ ಮಾಡಲು ಒಜೆಲ್ಲಾಳನ್ನು ಕರೆದರು. ಅವಳು ಕನ್ನಡಕ ಹಾಕಿಕೊಂಡು ಕಾಗದ ಓದಿದಳು.

“ಇಲ್ಲಿ ‘ಕೊಡುಗೆ’ ಅಂತಿದೆ.”

“ಹೌದು ಮೇಡಂ, ಅದು ಸುಮ್ಮನೆ ಒಂದು ಪದ,” ಅಂದ ಕಾಲೇಜಿನವನು.

“ಸುಮ್ಮನೆ ಪದ ಆದ್ರೆ ಬದಲಾಯಿಸಿ. ‘ಹಿಂತಿರುಗಿಸಿದ್ದು’ ಅಂತ ಬರೀರಿ. ನಮ್ಮ ಮನೆ ಸಾಮಾನನ್ನ ನಮಗೇ ದಾನ ಕೊಟ್ಟು ಪುಣ್ಯ ಕಟ್ಕೊಳ್ತೀರಾ?”

“ಪೆಟ್ಟಿಗೆ ಬಾಗಿಲಲ್ಲೇ ಇದೆಯಲ್ಲ ಸಿಸ್ಟರ್, ಹಾಕಿಬಿಡು ಸಹಿ,” ಅಂದರು ಪಾದ್ರಿಗಳು. ಲೂಟಿ ಮೇ ಕೂಡ ಹಾಕು ಅಂದಳು. ಒಜೆಲ್ಲಾ ಹಾಕಲಿಲ್ಲ. ವ್ಯಾನು ವಾಪಸ್ ಹೋಯಿತು. ಜನ ಮತ್ತೆ ಗೊಣಗತೊಡಗಿದರು: ಎರಡನೇ ಸಲವೂ ಪೆಟ್ಟಿಗೆ ಹೋಗುವಂತೆ ಮಾಡಿದವಳು ಇವಳೇ. ಈ ಸಲ ವರ್ನಿಟಾ ಚರ್ಚಿನ ಮೆಟ್ಟಿಲ ಮೇಲೆ ನಿಂತು ಅಂಥವರಿಗೆ ಮುಖದ ಮೇಲೆ ಹೊಡೆದ ಹಾಗೆ ಉತ್ತರ ಕೊಟ್ಟಳು. ನಾಲ್ಕು ತಿಂಗಳು ಎಳೆದಾಡಿ, ಅಕ್ಟೋಬರಿನಲ್ಲಿ ಪದ ಬದಲಾಯಿತು. ಒಜೆಲ್ಲಾ ಸಹಿ ಮಾಡಿದಳು. ಲೂಟಿ ಮೇ ಸೆಪ್ಟೆಂಬರಿನಲ್ಲೇ ತೀರಿಕೊಂಡಿದ್ದಳು. ಆ ನಾಲ್ಕು ತಿಂಗಳನ್ನು ಒಜೆಲ್ಲಾ ಯಾರಿಗೂ ಕ್ಷಮಿಸಲಿಲ್ಲ, ತನ್ನನ್ನೂ ಸೇರಿಸಿ.

ಬಂದದ್ದು ಎಂಟೇ ಪೆಟ್ಟಿಗೆ. ಉಳಿದ ಮೂರರ ಬಗ್ಗೆ ಕಾಲೇಜಿಗೆ ಗೊತ್ತಿರಲಿಲ್ಲ. ಒಜೆಲ್ಲಾ ಅರಿಜೋನಾದಲ್ಲಿದ್ದ ಮರ್ಕ್ಲಿಯ ಮಗನ ನಂಬರು ಹುಡುಕಿ ಫೋನು ಮಾಡಿದಳು.

“ನಮ್ಮ ತಂದೆಗೆ ನಿಮ್ಮ ಜನ ಅಂದ್ರೆ ಬಹಳ ಪ್ರೀತಿ ಇತ್ತು,” ಅಂದ ಅವನು.

“ಪ್ರೀತಿ ಅವರ ಹತ್ರಾನೇ ಇರಲಿ. ಪೆಟ್ಟಿಗೆ ಕಳಿಸಿ.”

ತಿಂಗಳಿಗೊಮ್ಮೆ, ಎರಡು ವರ್ಷಕ್ಕೂ ಹೆಚ್ಚು ಕಾಲ ಫೋನು ಮಾಡಿದಳು. 2001ರ ವಸಂತದಲ್ಲಿ ಅಂಚೆಯಲ್ಲಿ ಒಂದು ಪೆಟ್ಟಿಗೆ ಬಂತು. ಕಾಗದವಿಲ್ಲ, ಮಾತಿಲ್ಲ. ಗ್ಯಾರೇಜಿನಲ್ಲಿ ಇಟ್ಟಿದ್ದಿರಬೇಕು. 1951ರಿಂದ 54ರವರೆಗಿನ ಹಸ್ತಪತ್ರಗಳನ್ನು ಇಲಿ ತಿಂದಿತ್ತು. ಪ್ರಾಂಪ್ಟ್ ಪುಸ್ತಕಗಳು ನೀರು ಕುಡಿದು ಇಟ್ಟಿಗೆಯಾಗಿದ್ದವು. ಇನ್ನೆರಡು ಬರಲೇ ಇಲ್ಲ.

ಗ್ರಂಥಾಲಯದವಳು ಹೊಸಬಳು, ಒಳ್ಳೆಯವಳು. ಬಾಗಿಲಲ್ಲಿಡುವ ಗಾಜಿನ ಪೆಟ್ಟಿಗೆಗೆ ಏನು ಹಾಕೋಣ ಅಂತ ಕೇಳಿದಳು. ಲೂಟಿ ಮೇ ರಾಣಿಯ ವೇಷದಲ್ಲಿರುವ ಚಿತ್ರ ಬಹಳ ಚೆಂದ ಇದೆ, ಅದನ್ನು ಹಾಕೋಣವೇ?

“ಅದು ಒಳಗಿನ ಗೋಡೆಗಿರಲಿ, ಅಲ್ಲಿ ಅವಳಿಗೆ ಬೆಳಕು ಚೆನ್ನಾಗಿ ಬೀಳುತ್ತೆ,” ಅಂದಳು ಒಜೆಲ್ಲಾ. “ಇಲ್ಲಿ ಇದನ್ನಿಡು.” ಇಲಿ ತಿಂದ ಪೆಟ್ಟಿಗೆಯನ್ನು ತಾನೇ ಎತ್ತಲು ಹೋದಳು. ಆಗದಿದ್ದಾಗ ವರ್ನಿಟಾ ಇನ್ನೊಂದು ಬದಿ ಹಿಡಿದಳು.

“ಸ್ವಲ್ಪ ಒರೆಸಿ ಇಡೋಣ್ವಾ ಮಿಸ್ ಒಜೆಲ್ಲಾ? ಇಲಿ ಹಿಕ್ಕೆ ಇದೆ.”

“ಒರೆಸಬೇಡ,” ಅಂದಳು. “ಹೀಗೇ ಇರಲಿ. ಹೇಗೆ ಕೊಟ್ಟೆವು, ಹೇಗೆ ಬಂತು, ಬಂದೋರು ನೋಡಲಿ.”

ಪಕ್ಕದಲ್ಲಿಡುವ ಚೀಟಿಯನ್ನು ತಾನೇ ಬರೆದಳು: ಎರವಲು ಒಯ್ದದ್ದು ಯಾರು, ಯಾವಾಗ, ವಾಪಸು ಬಂದದ್ದು ಯಾವಾಗ. ಮರ್ಕ್ಲಿಯ ಹೆಸರನ್ನು ಅದರಲ್ಲಿ ಪೂರ್ತಿಯಾಗಿ, ಕಾಗುಣಿತ ತಪ್ಪದೆ, ಹುಟ್ಟಿದ ಮತ್ತು ಸತ್ತ ವರ್ಷದ ಸಮೇತ ಬರೆದಳು.